ಅಂಚೆ ಹೋದರೆ ಊರಿನ ಹೆಸರೂ ಹೋದೀತು

ಬಯಲುಸೀಮೆಯ ಕೃಷಿಕನಿಗೆ ಊರೆಂದರೆ ಒತ್ತಾಗಿ ನಿಂತ ಮನೆಗಳ ಬೀದಿ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಬೈಲಿನ ಆಚೆ ಬದಿಯಲ್ಲಿ ಇನ್ನೊಂದು, ತೋಟದ ನಡುವೆ ಮತ್ತೊಂದು. ಮನೆ ಮನೆಗೂ ಬೇರೆ ಹೆಸರು. ಹೀಗೆ ಚದುರಿದ ಮನೆಗಳನ್ನೆಲ್ಲ ಸೇರಿಸಿ ಇದೊಂದು ಊರು ಎನ್ನಿಸಿದ ಸಂಗತಿಗಳು ಕೆಲವೇ: ದೈವಸ್ಥಾನ, ಶಾಲೆ, ಒಂದು ಗೂಡಂಗಡಿ, ಮತ್ತು ಯಾರದೋ ಮನೆಯ ಜಗಲಿಯಲ್ಲಿದ್ದ ಶಾಖಾ ಅಂಚೆ ಕಚೇರಿ. ಈ ಕೊನೆಯದರ ಬಗ್ಗೆ ಸದಸ್ಯ ಬಂಧುಗಳಲ್ಲಿ ನಾಲ್ಕು ಮಾತು ಹೇಳಬೇಕೆನಿಸಿದೆ.

ನಮ್ಮವರು ವಿಳಾಸ ಬರೆಯುವ ಕ್ರಮವನ್ನೇ ನೋಡಿ. ಮೊದಲು ಮನೆಯ ಹೆಸರು, ಅನಂತರ ಗ್ರಾಮ, ಅನಂತರ ಅಂಚೆ, ಕೊನೆಗೆ ತಾಲೂಕು. 'ಗ್ರಾಮ ಮತ್ತು ಅಂಚೆ' ಎಂದು ಒಟ್ಟಿಗೆ ಬರೆಯುವ ಯೋಗ ಕೆಲವರಿಗೆ ಮಾತ್ರ. ಉಳಿದವರಿಗೆ ಗ್ರಾಮವೇ ಬೇರೆ, ಅಂಚೆಯೇ ಬೇರೆ. ಕಂದಾಯ ಇಲಾಖೆಗೆ ಬೇಕಾದದ್ದು ಗ್ರಾಮದ ಹೆಸರು ಮತ್ತು ಸರ್ವೆ ನಂಬರು. ಗ್ರಾಮದೊಳಗಿನ ಪುಟ್ಟ ಊರು, ಪದವು, ಬೆಟ್ಟು, ಕೋಡಿಗಳ ಹೆಸರಿಗೆ ಪಹಣಿಯಲ್ಲಿ ಜಾಗವಿಲ್ಲ. ಅಂಥ ಊರಿಗೆ ಶಾಖಾ ಅಂಚೆ ಬಂದಾಗ ಮಾತ್ರ ಅದರ ಹೆಸರು ಒಂದು ಮೊಹರಿನ ಮೇಲೆ ಕೆತ್ತಲ್ಪಟ್ಟಿತು. ಎಷ್ಟೋ ಪುಟ್ಟ ಊರುಗಳಿಗೆ ಸರಕಾರದಿಂದ ದೊರೆತ ಗುರುತಿನ ಪತ್ರ ಅದೊಂದೇ.

ಹೆಸರಿನ ಗೊಂದಲ ನಮ್ಮ ಜಿಲ್ಲೆಗೆ ಹೊಸತಲ್ಲ. 76 ಬಡಗಬೆಟ್ಟು, 80 ಬಡಗಬೆಟ್ಟು, 41 ಶಿರೂರು, 52 ಹೇರೂರು ಎಂದು ಅಂಕಿಯನ್ನೇ ಹೆಸರಿಗೆ ಅಂಟಿಸಿಕೊಂಡ ಗ್ರಾಮಗಳು ಉಡುಪಿಯ ಸುತ್ತ ಇಂದಿಗೂ ಇವೆ. ಅಂಕಿಯಿಂದ ಕಂದಾಯದ ಲೆಕ್ಕ ಸರಿಹೋಗಬಹುದು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗ ತಾಯಿಗೆ ಕಳುಹಿಸಿದ ಮನಿಯಾರ್ಡರು ಸರಿಯಾದ ಮನೆಗೆ ಮುಟ್ಟಿದ್ದು ಅಂಚೆಯ ಹೆಸರಿನಿಂದ, ಮತ್ತು ಮನೆ ಮನೆಯನ್ನು ಬಲ್ಲ ಅಂಚೆಯಣ್ಣನಿಂದ.

ಟಪ್ಪಾಲಿನ ಚರಿತ್ರೆ ನಮ್ಮಲ್ಲಿ ಸ್ವಾರಸ್ಯದ್ದು. ಘಟ್ಟದ ಮೇಲೆ, ಕಾಫಿ ಬೆಳೆಯುವ ಚಿಕ್ಕಮಗಳೂರು ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಸಂಸ್ಥಾನದ್ದೇ 'ಅಂಚೆ' ಇತ್ತು. ಕೆಳಗಿನ ಕಾರ್ಕಳ, ಉಡುಪಿ ಮದರಾಸು ಅಧಿಪತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದು. ಇಲ್ಲಿ ಬ್ರಿಟಿಷರ ಟಪ್ಪಾಲು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಲಾಖೆಯಲ್ಲಿ ವಿಲೀನವಾಗುವವರೆಗೆ, ಘಟ್ಟದ ಎರಡು ಬದಿಗೆ ಎರಡು ಏರ್ಪಾಡು. ಭತ್ತದ ಕೊಯ್ಲು ಮುಗಿಸಿ ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತುತ್ತಿದ್ದ ನಮ್ಮ ಸೀಮೆಯ ಆಳುಗಳಿಗೆ ಅಲ್ಲಿ ಇದ್ದ ವಿಳಾಸ ತೋಟದ ಹೆಸರು ಮಾತ್ರ. ಅವರು ಬಾಳಿದ ಲೈನು ಮನೆಗಳಿಗೆ ಯಾವ ದಾಖಲೆಯಲ್ಲಿ ಹೆಸರಿದೆ?

ಶಾಖಾ ಅಂಚೆ ಕಚೇರಿ ಕಣ್ಮರೆಯಾಗುವ ಬಗೆಯನ್ನು ತಿಳಿಯಬೇಕು. ಅದಕ್ಕೆ ಸಾಮಾನ್ಯವಾಗಿ ಸ್ವಂತ ಕಟ್ಟಡವಿಲ್ಲ. ಪೋಸ್ಟ್ ಮಾಸ್ತರರೇ ಜಾಗ ಒದಗಿಸಬೇಕೆಂಬುದು ಹಳೆಯ ಪದ್ಧತಿ. ಹಿಂದೆ 'ಇಲಾಖೇತರ' ನೌಕರರೆಂದು, ಈಗ ಗ್ರಾಮೀಣ ಡಾಕ್ ಸೇವಕರೆಂದು ಕರೆಸಿಕೊಳ್ಳುವ ಇವರು ಶಾಲೆಯ ಮಾಸ್ತರರೋ ಅಂಗಡಿಯವರೋ ಕೃಷಿಕರೋ ಆಗಿರುತ್ತಿದ್ದರು. ಅವರು ನಿವೃತ್ತರಾದಾಗ ಅಂಚೆ ಇನ್ನೊಂದು ಮನೆಗೆ, ಕೆಲವೊಮ್ಮೆ ಇನ್ನೊಂದು ಊರಿಗೆ ಹೋಗುತ್ತದೆ. ಹೊಸ ಶಾಖೆ ಬೇಕೆಂದರೆ ಇಲಾಖೆಯ ಮಾನದಂಡ ಬಿಗಿಯಾದುದು: ಸಾಮಾನ್ಯ ಗ್ರಾಮಾಂತರದಲ್ಲಿ 3,000 ಜನಸಂಖ್ಯೆ, ಹತ್ತಿರದ ಕಚೇರಿಯಿಂದ 3 ಕಿಲೋಮೀಟರು ದೂರ, ಖರ್ಚಿನ ಮೂರನೆಯ ಒಂದು ಪಾಲಾದರೂ ಆದಾಯ. ಮಳೆಗಾಲದಲ್ಲಿ ತೋಡು ತುಂಬಿದಾಗ 3 ಕಿಲೋಮೀಟರು ಎಂದರೆ ಎಷ್ಟು ದೂರವೆಂದು ತೋಟದವರಿಗೆ ಹೇಳಬೇಕಾಗಿಲ್ಲ. ಒಮ್ಮೆ ಕಳಕೊಂಡ ಅಂಚೆಯನ್ನು ಮರಳಿ ಪಡೆಯುವುದು ಸುಲಭವಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ದೊಡ್ಡವು ಹೋದರೆ ಸುದ್ದಿಯಾಗುತ್ತದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಅಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, ಎರಡರ ನಾಮಫಲಕಗಳೂ 2020ರ ಏಪ್ರಿಲ್ 1ರ ವಿಲೀನದೊಂದಿಗೆ ಇಳಿದವು, ಊರೆಲ್ಲ ಮರುಗಿತು. ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವ ಕುದುರೆಮುಖದಲ್ಲಿ, 1976ರಲ್ಲಿ ಸ್ಥಾಪನೆಯಾದ ಅದಿರು ಕಂಪೆನಿಗಾಗಿ ಒಂದು ಪಟ್ಟಣವೇ ಎದ್ದಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜನ ಚದುರಿದರು. ಆ ಬ್ಯಾಂಕುಗಳಿಗೆ, ಆ ಕಂಪೆನಿಗೆ ಕಡತಗಳಿವೆ, ವರದಿಗಳಿವೆ, ನ್ಯಾಯಾಲಯದ ತೀರ್ಪೇ ಇದೆ. ಜಗಲಿಯ ಅಂಚೆಯ ಬೋರ್ಡು ಇಳಿದ ದಿನ ಯಾರು ಬರೆದಿಟ್ಟರು?

ಬೆಳವಣಿಗೆಯೂ ಹೆಸರನ್ನು ನುಂಗುತ್ತದೆ. ಮಣ್ಣಪಳ್ಳ ಕೆರೆಯ ಹೆಸರಿನಿಂದ ಬಂದ ಮಣಿಪಾಲ ಒಂದು ಕಾಲಕ್ಕೆ ಬೋಳುಗುಡ್ಡ. 1953ರಲ್ಲಿ ವೈದ್ಯಕೀಯ ಕಾಲೇಜು ಬಂತು, 1970ರಲ್ಲಿ 'ಉದಯವಾಣಿ' ಬಂತು, ಇಂದು ಲೋಕಕ್ಕೆಲ್ಲ ಪರಿಚಿತ ಹೆಸರು. ಅದೇ ಹೊತ್ತಿಗೆ ಶಿವಳ್ಳಿ, ಹೆರ್ಗಗಳು ವಿಳಾಸದ ಸಾಲಿನಲ್ಲಿ ಹಿಂದೆ ಸರಿದವು. ಕಾಪುವಿನಲ್ಲಿ ಪುರಸಭೆಯಾದಾಗ ಮಲ್ಲಾರು, ಉಳಿಯಾರಗೋಳಿಗಳು ಅದರೊಳಗೆ ಸೇರಿದವು. ಇದರಲ್ಲಿ ಯಾರದೂ ತಪ್ಪಿಲ್ಲ; ಆದರೆ ಬರೆದಿಡದಿದ್ದರೆ ಮುಂದಿನವರಿಗೆ ಗೊತ್ತಾಗುವುದಿಲ್ಲ.

1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗ ಉಡುಪಿಗೆ 576101, ಕಾರ್ಕಳಕ್ಕೆ 574104 ಎಂದು ಕಲಿತೆವು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಒಂದು ಸಂಖ್ಯೆಯೊಳಗೆ ಹಲವು ಊರುಗಳು ಅಡಗಿದರೂ ಅದರ ಜೊತೆ ಅಂಚೆಯ ಹೆಸರನ್ನು ಬರೆಯಲೇಬೇಕಿತ್ತು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹೊಸ ಏರ್ಪಾಡನ್ನು ತಂದಿದೆ. ಸುಮಾರು 4 ಮೀಟರು ಉದ್ದಗಲದ ಪ್ರತಿ ಚೌಕಕ್ಕೂ 10 ಅಕ್ಷರ, ಅಂಕಿಗಳ ಗುರುತು. ಮಧ್ಯರಾತ್ರಿ ಅಂಬ್ಯುಲೆನ್ಸ್ ಕರೆಯಬೇಕಾದ ಒಂಟಿ ಮನೆಗೆ ಇದು ವರದಾನವಾದೀತು. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಚೌಕ ಮನೆಯನ್ನು ಹುಡುಕಿಕೊಡುತ್ತದೆ, ಊರನ್ನು ಹೇಳುವುದಿಲ್ಲ. ಬಸ್ಸು ನಿಲ್ಲಿಸಿ, ಸಂಕ ಕಟ್ಟಿಸಿ, ಅಂಗನವಾಡಿ ಕೊಡಿ ಎಂದು ಅರ್ಜಿ ಹಾಕುವುದು ಚೌಕವಲ್ಲ, ಊರು. ಹೆಸರಿಲ್ಲದ ಊರಿನ ಅರ್ಜಿಯನ್ನು ಯಾವ ಕಚೇರಿ ಓದೀತು?

ಈಗ ಯಾರು ಕಾಗದ ಬರೆಯುತ್ತಾರೆ, ನಷ್ಟದ ಅಂಚೆಯನ್ನು ನಡೆಸುವುದೇಕೆ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ತಂತಿ 2013ರಲ್ಲಿ ನಿಂತಿತು, ಹಳೆಯ ಮನಿಯಾರ್ಡರು 2015ರಲ್ಲಿ ನಿಂತಿತು, ನಾಡು ಮುಳುಗಲಿಲ್ಲ. ಮುಚ್ಚಿದ್ದನ್ನೆಲ್ಲ ತೆರೆಯಿರಿ ಎಂದು ನಾವು ಹಟ ಹಿಡಿಯುತ್ತಿಲ್ಲ. ಇದ್ದವುಗಳ ಲೆಕ್ಕ ಇರಲಿ ಎನ್ನುತ್ತಿದ್ದೇವೆ. ಅದನ್ನು ಮಾಡಬಲ್ಲವರು ನಾವೇ, ಸಹಕಾರಿಗಳೇ.

ಏಕೆಂದರೆ ಪಹಣಿಯಲ್ಲಿ ಇಲ್ಲದ ಹೆಸರುಗಳು ಸಹಕಾರಿ ಸಂಘಗಳ ಕಪಾಟಿನಲ್ಲಿವೆ. ಸದಸ್ಯರ ಹಳೆಯ ಶೇರು ರಿಜಿಸ್ಟರಿನಲ್ಲಿ ಮನೆ, ಗ್ರಾಮ, ಅಂಚೆ ಎಲ್ಲವನ್ನೂ ಬರೆಸಿಕೊಳ್ಳುತ್ತಿದ್ದರು. ಮಹಾಸಭೆಯ ನೋಟೀಸು ಟಪ್ಪಾಲಿನಲ್ಲಿ ಹೋಗಬೇಕಿತ್ತಲ್ಲ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದಾಗ ಅಡಿಕೆಯ ಧಾರಣೆ ಕುಸಿದು ಕಂಗಾಲಾಗಿದ್ದ ಬೆಳೆಗಾರರಿಗೆ ಸುದ್ದಿ ಮುಟ್ಟಿಸಿದ ದಾರಿಗಳಲ್ಲಿ ಅಂಚೆಯೂ ಒಂದು. ಅಂಥ ರಿಜಿಸ್ಟರುಗಳನ್ನು ಗೆದ್ದಲಿಗೂ ಗುಜರಿಗೂ ಕೊಡುವ ಮೊದಲು ಒಮ್ಮೆ ತೆರೆದು ನೋಡಿ.

ನಮ್ಮ ಸಲಹೆ ಇಷ್ಟು. ಪ್ರತಿ ಶಾಖೆಯೂ ತನ್ನ ವ್ಯಾಪ್ತಿಯ ಹಳೆಯ ಅಂಚೆಗಳ ಪಟ್ಟಿ ಮಾಡಲಿ: ಹೆಸರು, ಯಾವ ಮನೆಯ ಜಗಲಿಯಲ್ಲಿತ್ತು, ಯಾವ ದೊಡ್ಡ ಅಂಚೆಯಿಂದ ಚೀಲ ಬರುತ್ತಿತ್ತು, ಯಾವ ಯಾವ ಪುಟ್ಟ ಊರಿಗೆ ಹಂಚುತ್ತಿದ್ದರು. ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಯಾವ ಗ್ರಾಮಕ್ಕೆ ಅಂಚೆ ಇದೆಯೆಂದು ನಮೂದಿಸುತ್ತಾರೆ. 1971ರ ಕೈಪಿಡಿಯನ್ನೂ 2011ರದ್ದನ್ನೂ ಎದುರುಬದುರು ಇಟ್ಟರೆ ಅರ್ಧ ಕೆಲಸ ಆದಂತೆ. ಅಟ್ಟದ ಮೇಲಿನ ಹಳೆಯ ಕಾರ್ಡು, ಲಕೋಟೆಗಳನ್ನು ಸ್ಟಾಂಪಿನ ವ್ಯಾಪಾರಿಗೆ ತೂಕಕ್ಕೆ ಮಾರುವ ಮೊದಲು ಮೊಹರಿನ ಚಿತ್ರ ತೆಗೆದಿಡಿ. ಮೊಹರಿನಲ್ಲಿ ಹೆಸರೂ ಇದೆ, ತಾರೀಕೂ ಇದೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಇನ್ನೊಂದು ಮಾತು. ಅಂಚೆಯ ಚೀಲ ತಲುಪದ ಊರುಗಳೂ ನಮ್ಮಲ್ಲಿದ್ದವು. ಕೊರಗರ ಕೊಪ್ಪಗಳಿಗೆ ಕಾಗದ ಬರೆಯುವವರೂ ಇರಲಿಲ್ಲ, ಮನಿಯಾರ್ಡರು ಕಳುಹಿಸುವವರೂ ಇರಲಿಲ್ಲ. ಪಟ್ಟಿ ಮಾಡುವಾಗ ಗುತ್ತು, ಬೀಡುಗಳ ಹೆಸರು ತಾನಾಗಿ ಬರುತ್ತದೆ; ಈ ಹೆಸರುಗಳನ್ನು ಕೇಳಿಕೊಂಡು ಹೋಗಿ ಬರೆಯಬೇಕು. ಅಂಚೆ ಇದ್ದ ಊರನ್ನು ಮಾತ್ರ ಊರೆಂದರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ.

ಹೆಗಲಿಗೆ ಚೀಲ ಹಾಕಿ ಈ ಗುಡ್ಡಗಳನ್ನು ನಡೆದವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಮನೆಗೆ ಯಾವ ಹೆಸರು, ಯಾವ ಕಾಲುದಾರಿ ಎಲ್ಲಿ ಸೇರುತ್ತದೆ ಎಂಬುದು ಅವರ ಬಾಯಲ್ಲಿದೆ. ಅಡಿಕೆ ಸುಲಿಯುವ ದಿನಗಳಲ್ಲಿ ಹೇಗೂ ಅಂಗಳದಲ್ಲಿ ಕುಳಿತು ಮಾತಾಡುತ್ತೇವೆ. ಈ ವರ್ಷ ಆ ಮಾತಿಗೆ ಅವರನ್ನೂ ಕರೆಯೋಣ. ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡೋಣ.