ಗಣಪತಿಯ ಹಾಲೂ ಪತ್ರಿಕೆಯ ಹೊಣೆಯೂ

1995ನೆಯ ಇಸವಿ ಸೆಪ್ಟೆಂಬರ್ 21ರಂದು, ಗಣಪತಿಯ ವಿಗ್ರಹವು ಚಮಚೆಯಿಂದ ಹಾಲು ಕುಡಿಯಿತೆಂಬ ಸುದ್ದಿಯು ದೆಹಲಿಯಲ್ಲಿ ಹುಟ್ಟಿ, ಸಂಜೆಯೊಳಗಾಗಿ ದೇಶವನ್ನೆಲ್ಲ ವ್ಯಾಪಿಸಿ ಸಮುದ್ರವನ್ನೂ ದಾಟಿದುದು ವಾಚಕರಲ್ಲಿ ಹಲವರಿಗೆ ನೆನಪಿದ್ದೀತು. ಆ ಗಲಾಟೆಯಲ್ಲಿ ಹಾಲು ಸಿಕ್ಕದೆ ಕಾಫಿ ತಪ್ಪಿಸಿಕೊಂಡ ಗೃಹಸ್ಥರ ಸಂಕಟವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಕೇಂದ್ರ ಸರ್ಕಾರದ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲನ್ನು ಹಿಡಿದು ನೋಡಿದರು. ಚಮಚೆಯ ಹಾಲು ಸೊಂಡಿಲಿಗೆ ತಾಗಿದೊಡನೆ ಮೇಲ್ಮೈ ಎಳೆತದಿಂದ ಸೆಳೆಯಲ್ಪಟ್ಟು, ತೆಳುವಾದ ಪೊರೆಯಾಗಿ ವಿಗ್ರಹದ ಮೈಮೇಲೆ ಕೆಳಗಿಳಿಯುತ್ತಿದ್ದಿತು. ಬಿಳಿಯ ಕಲ್ಲಿನ ಮೇಲೆ ಬಿಳಿಯ ಹಾಲು ಯಾರ ಕಣ್ಣಿಗೆ ಬಿದ್ದೀತು? ಭಕ್ತರು ಸುಳ್ಳಾಡಲಿಲ್ಲ, ಚಮಚೆ ಬರಿದಾದುದನ್ನು ಕಂಡರು, ಕಂಡುದನ್ನೇ ಹೇಳಿದರು.

ಹಾಗಾದರೆ ತಪ್ಪು ಯಾರದು? ವೃತ್ತಿಬಾಂಧವರು ಮುನಿದರೂ ಹೇಳಲೇಬೇಕಾಗಿದೆ: ಬಹುಪಾಲು ನಮ್ಮದೇ. ಒಂದು ಚಮಚೆ ಹಾಲಿಗೆ ಒಂದು ಚಿಟಿಕೆ ಕುಂಕುಮ ಬೆರೆಸಿದ್ದರೆ ಮುಗಿಯುತ್ತಿದ್ದ ಪರೀಕ್ಷೆಯನ್ನು ಮಾಡದೆಯೇ ಪವಾಡವನ್ನು ಅಚ್ಚುಹಾಕಿದ ಪತ್ರಿಕೆಗಳುಂಟು. ಅದಕ್ಕೂ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ವಿಚಾರಣೆಗೆಂದೇ ಸಮಿತಿಯನ್ನು ನೇಮಿಸಿದ್ದರು. ಆಗ ಧರ್ಮಕ್ಕೆ ಅಪಚಾರವಾಯಿತೆಂದು ಕೂಗಿದವರಿಗೆ ತಮ್ಮ ದೇವರ ಮೇಲೆ ಅಷ್ಟೇ ನಂಬಿಕೆಯಿದ್ದಿತೇ ಎಂಬುದು ನಮ್ಮ ಸಂಶಯ.

ಈಗ ಅಂಗೈಯಲ್ಲಿನ ದೂರವಾಣಿಯೇ ಇಂಥ ಸುದ್ದಿಯನ್ನು ಕ್ಷಣಮಾತ್ರದಲ್ಲಿ ನೂರು ಮನೆಗೆ ಮುಟ್ಟಿಸುತ್ತದೆ. ಅದರೊಡನೆ ಓಡಿ ಗೆಲ್ಲುವ ಆಸೆ ನಮಗಿಲ್ಲ. ಇನ್ನು ಮುಂದೆ ಇಂಥ ವರ್ತಮಾನವೇನಾದರೂ ಬಂದರೆ, ಮೊಳೆ ಜೋಡಿಸುವುದಕ್ಕೆ ಮುಂಚೆ ಒಂದು ಚಮಚೆಯನ್ನೂ ಕುಂಕುಮದ ಭರಣಿಯನ್ನೂ ತರಿಸಿಕೊಳ್ಳಬೇಕೆಂದು ನಮ್ಮ ಉಪಸಂಪಾದಕರಿಗೆ ತಿಳಿಸಿದ್ದೇವೆ.