ತೆರೆದುಕೊಂಡರೆ ಸಾಕೆ?

ಸಭೆ ಸಮಾರಂಭಗಳ ಕರೆಯೋಲೆ ಈಗ ಪುಟ್ಟದೊಂದು ಕಡತದ ರೂಪದಲ್ಲಿಯೂ ಬರುವುದುಂಟು. ಅದನ್ನು ಮುಟ್ಟಿದೊಡನೆ ದಿನ, ವೇಳೆ, ಸ್ಥಳಗಳು ನಮ್ಮ ದೂರವಾಣಿಯ ದಿನದರ್ಶಿಕೆಯಲ್ಲಿ ತಾವಾಗಿ ನೆಲೆಗೊಳ್ಳುತ್ತವೆ. ಈ ಕಡತದ ವ್ಯಾಕರಣಕ್ಕೆ ಐಕ್ಯಾಲೆಂಡರ್ ಎಂದು ಹೆಸರು. 1998ರಲ್ಲಿ ಪ್ರಕಟವಾದ ಅದರ ನಿಯಮಗಳು 2009ರಲ್ಲಿ ಆರ್‌.ಎಫ್‌.ಸಿ. 5545 ಎಂಬ ದಾಖಲೆಯಾಗಿ ಪರಿಷ್ಕಾರಗೊಂಡವು. ಇಂಥ ಕಡತವನ್ನು ಹೊರಡಿಸುವ ಕ್ರಮವಿಧಿ ಹತ್ತಾರು ಸಾಲುಗಳ ಕೆಲಸವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುತ್ತಾರೆ. ಬರೆಯುತ್ತಾರೆ, ತಮ್ಮ ದೂರವಾಣಿಯಲ್ಲಿ ತೆರೆದು ನೋಡುತ್ತಾರೆ, ತೆರೆದುಕೊಂಡಿತೆಂದು ಸಮಾಧಾನ ಹೊಂದುತ್ತಾರೆ. ಈ ಸಮಾಧಾನವನ್ನು ನಾವು ಒಪ್ಪಲಾರೆವು.

ಓದುವ ಕ್ರಮವಿಧಿಗಳು ಬಹುಮಟ್ಟಿಗೆ ಕ್ಷಮಾಶೀಲವಾದುವು. ಕಳುಹಿಸುವವನು ಬಿಗಿಯಾಗಿರಲಿ, ಸ್ವೀಕರಿಸುವವನು ಉದಾರಿಯಾಗಿರಲಿ ಎಂಬ ನೀತಿಯನ್ನು ಜಾನ್ ಪೋಸ್ಟೆಲ್ ಅವರು 1980ರಲ್ಲಿಯೇ ಅಂತರಜಾಲದ ನಿಯಮಗಳಲ್ಲಿ ಸೇರಿಸಿದ್ದರು. ನಾವು ಉತ್ತರಾರ್ಧವನ್ನು ಅನುಭವಿಸುತ್ತ ಪೂರ್ವಾರ್ಧವನ್ನು ಮರೆತಿದ್ದೇವೆ. ಒಂದು ಯಂತ್ರ ಕ್ಷಮಿಸಿದ ತಪ್ಪನ್ನು ಇನ್ನೊಂದು ಕ್ಷಮಿಸಬೇಕೆಂದಿಲ್ಲ.

ಕನ್ನಡದಲ್ಲಿ ಬರೆಯುವವರಿಗಂತೂ ಇಲ್ಲಿ ವಿಶೇಷವಾದೊಂದು ತೊಡಕುಂಟು. ಕಡತದ ಒಂದು ಸಾಲು 75 ಬೈಟುಗಳನ್ನು ಮೀರಬಾರದು. ಮೀರುವಂತಿದ್ದರೆ ಅದನ್ನು ಮುರಿದು, ಮುಂದಿನ ಸಾಲನ್ನು ಒಂದು ತೆರಪಿನಿಂದ ಆರಂಭಿಸಬೇಕು. ಯು.ಟಿ.ಎಫ್‌.-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು. ‘ವಿಜ್ಞಾನ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ. ಗುಡಿಸು, ಹಲಂತ, ಇಳಿಗಳನ್ನು ಬಿಡಿಸಿ ಎಣಿಸಿದರೆ ಸಂಕೇತಗಳು 7, ಬೈಟುಗಳು 21! ಕಾರ್ಯಕ್ರಮದ ಹೆಸರಿಗೆ ಮುನ್ನ ಬರುವ ‘ಸಮ್ಮರಿ’ ಎಂಬ ಇಂಗ್ಲಿಷ್ ಪದವೂ ಅದರ ಮುಂದಿನ ಎರಡು ಚುಕ್ಕೆಯ ಗುರುತೂ 8 ಬೈಟುಗಳನ್ನು ನುಂಗುತ್ತವೆ. ಉಳಿದ 67ರಲ್ಲಿ, ತೆರಪಿಲ್ಲದೆ ಬರೆದರೆ, 22 ಸಂಕೇತಗಳು ಹಿಡಿಸಿ ಒಂದು ಬೈಟು ಮಿಗುತ್ತದೆ. ಕಣ್ಣುಮುಚ್ಚಿ 75ಕ್ಕೆ ಕತ್ತರಿಸುವ ಕ್ರಮವಿಧಿ 23ನೆಯ ಸಂಕೇತವನ್ನೇ ಸೀಳಿಬಿಡುತ್ತದೆ. ಸಾಲುಗಳನ್ನು ಮೊದಲು ಜೋಡಿಸಿ ಅನಂತರ ಓದುವ ಯಂತ್ರಕ್ಕೆ ಬಾಧೆಯಿಲ್ಲ. ಮೊದಲೇ ಓದಹೊರಟ ಯಂತ್ರದಲ್ಲಿ ಅಕ್ಷರದ ಬದಲು ಅರ್ಥವಿಲ್ಲದ ಗುರುತು ಮೂಡುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಎಂದೂ ಗೋಚರಿಸದು.

ವ್ಯಾಕರಣ ಶುದ್ಧವಾಗಿದ್ದೂ ಮಾತು ಸುಳ್ಳಾಗಬಹುದು. ಬೆಂಗಳೂರಿನ ಬೆಳಗ್ಗೆ 10-30ರ ಸಭೆ ವಿಶ್ವಮಾನ ಕಾಲದಲ್ಲಿ 5 ಗಂಟೆಗೆ ಸಲ್ಲುತ್ತದೆ; ಅಂಕಿಯ ಕೊನೆಗೆ ‘ಝಡ್’ ಅಕ್ಷರವಿದ್ದರೆ ವಿಶ್ವಮಾನ ಕಾಲವೆಂದರ್ಥ. 10-30ಕ್ಕೇ ಝಡ್ ಅಂಟಿಸಿದರೆ ಇಲ್ಲಿಯ ಆಮಂತ್ರಿತರು ಸಂಜೆ 4ಕ್ಕೆ ಬಂದು ಬಾಗಿಲು ತಟ್ಟುತ್ತಾರೆ. ಏನನ್ನೂ ಸೂಚಿಸದೆ ಬಿಟ್ಟರೆ, ಸಿಂಗಪುರದಲ್ಲಿದ್ದುಕೊಂಡೇ ಸಭೆಯನ್ನು ಸೇರಬೇಕಾದ ಕನ್ನಡಿಗನಿಗೆ ಅದು ಅಲ್ಲಿಯ 10-30 ಆಗಿ ತೋರುತ್ತದೆ. ಪಾಪ, ಎರಡೂವರೆ ಗಂಟೆ ಮೊದಲೇ ಬಂದು ಕುಳಿತಿರುತ್ತಾನೆ. ದಿನಗಳ ಲೆಕ್ಕವೂ ಹಾಗೆಯೇ. ನವೆಂಬರ್ 1ರಿಂದ 3ರವರೆಗೆ ಇಡೀ ದಿನ ನಡೆಯುವ ಉತ್ಸವಕ್ಕೆ ಮುಕ್ತಾಯವೆಂದು 4ನ್ನು ಬರೆಯಬೇಕು, ಏಕೆಂದರೆ ಮುಕ್ತಾಯದ ದಿನ ಎಣಿಕೆಗೆ ಸೇರುವುದಿಲ್ಲ. 3 ಎಂದು ಬರೆದರೆ ಕಡೆಯ ದಿನವೇ ಮಾಯ! ನಿಯಮಗಳನ್ನು ಪರೀಕ್ಷಿಸುವ ಸಾಧನಗಳು ಇವೆಲ್ಲಕ್ಕೂ ‘ಸರಿ’ ಎಂದೇ ಮುದ್ರೆಯೊತ್ತುತ್ತವೆ.

ಕಡತ ಬರೆದುಕೊಡುವ ಸಿದ್ಧ ಸಾಧನಗಳಿರುವಾಗ ಈ ಗೋಳೇಕೆ ಎಂದು ಕೇಳುವವರಿದ್ದಾರೆ. ಸಾಧನವನ್ನು ಧಾರಾಳವಾಗಿ ಬಳಸಲಿ. ಸಾಲು ಮುರಿಯುವ ಕೆಲಸವನ್ನು ಅದು ನಮಗಿಂತ ಚೆನ್ನಾಗಿ ಮಾಡೀತು. ಆದರೆ 4 ಕೊಡಬೇಕಾದಲ್ಲಿ ನಾವು 3 ಕೊಟ್ಟೆವೆಂಬುದು ಅದಕ್ಕೆ ತಿಳಿಯುವುದೆಂತು? ಉದ್ದನೆಯ ಕನ್ನಡ ಹೆಸರೊಂದು, ಮೂರು ದಿನದ ಉತ್ಸವವೊಂದು, ಸಿಂಗಪುರದ ಕಾಲಕ್ಕೆ ತಿರುಗಿಸಿದ ದೂರವಾಣಿಯೊಂದು: ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯನ್ನು ಇವುಗಳಿಂದ ಆರಂಭಿಸಲಿ.