ಕೆಳಗಿನದ್ದು ಬೇಡ

ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಾನು ಮಲೆನಾಡಿನವನೆಂಬ ಜಂಬ ಹೋಗಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಸ್ವಲ್ಪ ಇಳಿಯಿತು.

ತೋರಣಾ ಕೋಟೆಯ ಬುಡದಲ್ಲಿ, ವೆಲ್ಹೆ ಹತ್ತಿರ, ರೈತರೊಬ್ಬರನ್ನು ಕೇಳಿಕೊಂಡು ಅವರ ಗದ್ದೆಯಲ್ಲಿ ಡೇರೆ ಹಾಕಿದ್ದೆವು. ಮೀಸಲು ಅರಣ್ಯದೊಳಗೆ ಬೆಂಕಿ ಹಾಕುವುದು 1927ರ ಅರಣ್ಯ ಕಾಯ್ದೆಯಂತೆ ಅಪರಾಧ, ಅದಕ್ಕೇ ಗದ್ದೆ. ಜೊತೆಗಿದ್ದವರೊಬ್ಬರು ಬೈಕಿನಿಂದ ಪೆಟ್ರೋಲ್ ತೆಗೆಯುತ್ತೇನೆಂದರು. "ಏನೂ ಬೇಡ, ಕಾಡಲ್ಲಿ ಸಿಕ್ಕಿದ್ದರಲ್ಲೇ ಹೊತ್ತಿಸ್ತೀನಿ" ಎಂದು ಮಗಳೆದುರು ಕೊಚ್ಚಿಕೊಂಡೆ.

ಮರದಡಿಯ ತರಗೆಲೆ ರಾಶಿ ಹಾಕಿ ಕಡ್ಡಿ ಗೀರಿದೆ. ಹೊಗೆ. ಇನ್ನೊಂದು ಗೀರಿದೆ. ಮತ್ತೆ ಹೊಗೆ. ಮೂರನೆಯದು ಗಾಳಿಗೇ ಆರಿತು. ಪೆಟ್ಟಿಗೆಯಲ್ಲಿ ಉಳಿದದ್ದು ನಾಲ್ಕು. ಮಗಳ ಹಲ್ಲು ಕಟಕಟ ಅನ್ನುತ್ತಿತ್ತು. "ಅಪ್ಪಾ, ಪೆಟ್ರೋಲೇ ಹಾಕೋಣ್ವಾ?"

ಅಷ್ಟರಲ್ಲಿ ಆ ಮನೆಯ ಮಾವಶಿ ಬಂದು ನನ್ನ ರಾಶಿಯನ್ನು ಕಾಲಲ್ಲಿ ಸರಿಸಿದರು. "ಖಾಲಚಂ ನಕೋ." ಕೆಳಗಿನದ್ದು ಬೇಡ. ಬೇಲಿಯಾಚೆ ಒಣಗಿ ನಿಂತಿದ್ದ ಕಾರ್ವಿ ಕಡ್ಡಿಗಳನ್ನು ಲಟಲಟ ಮುರಿದುಕೊಂಡು ಬಂದರು. ಏಳೆಂಟು ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುವ ಪೊದೆ ಅದು. ಇಲ್ಲಿಯ ಗುಡಿಸಲುಗಳ ಗೋಡೆಗೂ ಅದೇ ಕಡ್ಡಿ. ಬಗ್ಗಿದರೆ ಹಸಿ, ಲಟಕ್ಕೆಂದರೆ ಸೌದೆ.

ನನಗೆ ಅಜ್ಜಿ ನೆನಪಾದಳು. ಬೇಸಿಗೆಯಲ್ಲೇ ಅಡಕೆ ಸಿಪ್ಪೆ ಒಣಗಿಸಿ ಅಟ್ಟಕ್ಕೇರಿಸುತ್ತಿದ್ದಳು. ಮಳೆಗಾಲದ ಬಚ್ಚಲೊಲೆಗೆ ನೆಲದಿಂದ ಒಂದು ಕಡ್ಡಿಯನ್ನೂ ಹೆಕ್ಕಿದವಳಲ್ಲ. ದಿನಾ ಆ ಒಲೆ ಮುಂದೆ ಕೂತು ಮೈ ಕಾಯಿಸಿಕೊಂಡ ನಾನು ಇದೊಂದನ್ನು ನೋಡಿರಲೇ ಇಲ್ಲ! ಬಿದ್ದ ಎಲೆ ಎಷ್ಟೇ ಒಣಗಿದಂತೆ ಕಂಡರೂ ನೆಲದ ತೇವ, ಇಬ್ಬನಿ ಕುಡಿದಿರುತ್ತದೆ. ಕಡ್ಡಿಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಮುಗಿದುಹೋಗುತ್ತದೆ.

ನಿಂತಲ್ಲೇ ಒಣಗಿದ ಹುಲ್ಲನ್ನು ಮಾವಶಿ ಅಂಗೈಯಲ್ಲಿ ಉಜ್ಜಿ ಹಕ್ಕಿಗೂಡಿನಂತೆ ಮಾಡಿದರು. ಅದರ ಮೇಲೆ ಊದಿನಕಡ್ಡಿಯಷ್ಟು ತೆಳುವಿನವು, ಆಮೇಲೆ ಪೆನ್ಸಿಲ್ ದಪ್ಪದವು, ನಡುವೆ ಗಾಳಿಯಾಡುವಷ್ಟು ಸಂದು. ಬೆಂಕಿಪೆಟ್ಟಿಗೆಯನ್ನು ನನಗೆ ಕೊಡಲಿಲ್ಲ, ಮಗಳಿಗೆ ಕೊಟ್ಟರು. ಒಂದೇ ಕಡ್ಡಿಗೆ ಹೊತ್ತಿತು.

ಬೆಳಿಗ್ಗೆ ಹೊರಡುವಾಗ ಮಾವಶಿ ಮತ್ತೆ ಬಂದರು. ಸುತ್ತಲಿನ ಗುಡ್ಡವೆಲ್ಲ ಒಣಹುಲ್ಲು, ಒಂದು ಕಿಡಿ ಸಾಕು. ಬೂದಿಗೆ ನೀರು ಸುರಿಸಿದರು, ಕೋಲಿನಿಂದ ಕೆದಕಿಸಿದರು, ಮತ್ತೆ ನೀರು. ಆಮೇಲೆ ಅಂಗೈ ಹತ್ತಿರ ಹಿಡಿದು ನೋಡು ಎಂದು ಮಗಳಿಗೆ ಸನ್ನೆ ಮಾಡಿದರು.

"ಇನ್ನೂ ಬೆಚ್ಚಗಿದೆ ಅಪ್ಪಾ."

ನಾನು ಕೊಡ ಎತ್ತಿಕೊಂಡು ಬಾವಿ ಕಡೆ ಹೊರಟೆ.